ಸೋರಲಾರದ ಮಾಳಿಗಿ

"ಕೊರಿಯೂದಿಲ್ಲ ಅಂದ್ರ ಕೊರಿಯೂದಿಲ್ಲ," ಅಂದ ಅಪ್ಪ,
ಡ್ರಿಲ್ಲಿನ ವಾಯರ್ ಕಿತ್ತು ತನ್ನ ಕೈಗೇ ಸುತಗೊಂಡ.
"ಸೋರೂ ಮಾಳಿಗಿ ತೆಳಗ ಹುಟ್ಟಿದಾಂವ ನಾ,
ಹಾಸಿಗಿ ಸುತ್ತ ಬೋಗುಣಿ ಇಟಗೊಂಡು ಮಲಗಿದಾಂವ.
ರೊಕ್ಕಾ ಕೊಟ್ಟು ಕೊಂಡದ್ದು ಇದೊಂದ ಮಾಳಿಗಿ, ಸೋರಲಾರದ್ದು."

ಹಳೇ ಮಾರುತಿ ಎಂಟನೂರು.
ಆ ಮನಿಗೆ ಬೆಳಕಿಂಡಿ ಇರಲಿಲ್ಲೇನು, ಅನ್ನಬೇಕಂದೆ.
ಅನಲಿಲ್ಲ. ಲೈಸೆನ್ಸ್ ನಂದು, ಗಾಡಿ ಅಂವಂದು.

ಬಾಗಲಕೋಟಿ ಗುಜರಿಯಾಗ ಸಿಕ್ಕಿತು ಅಯಸ್ಕಾಂತ,
ಮದುವಿ ಮೈಕಿನ ಒಡಕ ಸ್ಪೀಕರಿಂದು,
ಉತ್ತರಾಣಿ ಕಾಳಿನ್ಹಂಗ ಹತ್ತಿದ್ರ ಬಿಡವಲ್ದು.
ಬಣ್ಣ ಕೆರೀಬಾರದು ಅಂತ ಅದರ ಬುಡಕ
ಅವ್ವನ ಗಂಟಿನಿಂದ ಕದ್ದ ಖಣದ ತುಣಕು,
ನಮ್ಮ ಗುಳೇದಗುಡ್ಡದ್ದ, ನಮ್ಮ ಓಣಿ ಮಗ್ಗದ್ದ.
ಮ್ಯಾಲ ಎರಡು ಗೇಣು ಎರಡು ಬೆರಳಿನ ಸ್ಟೀಲ್ ಕಡ್ಡಿ.
ಬಾಗಲದ ರಬ್ಬರಿನೊಳಗ ಕೇಬಲ್ ನುಸುಳೂ ಮುಂದ
ಒಂದು ಡೊಂಕು ಬಿಟ್ಟೆ ಜೋಲಾಗಿ,
ಮಳಿನೀರು ಅಲ್ಲೇ ತೊಟ್ಟಿಕ್ಕಿ ಹೊರಗ ಬೀಳಲಿ ಅಂತ.
ಆ ಡೊಂಕು ನೋಡಿ ಅಪ್ಪ ಮೊದಲ ಸಲ ಹೂಂ ಅಂದ.

ಕಡ್ಡಿ ನಟ್ಟನಡುವ ನಿಂದರಬೇಕು, ಸುತ್ತ ಸಮನಾಗಿ ಲೋಹ ಬೇಕು.
ಇಟ್ಟೆ. ಜಾರಿತು.
ಮತ್ತ ಇಟ್ಟೆ. ಮತ್ತ.
ಬೆರಳಿನಿಂದ ಬಡದು ನೋಡಿದೆ:
ಸುತ್ತೆಲ್ಲ ಟಣ್, ನಡುವ ಅಂಗೈಯಷ್ಟು ಜಾಗಾ ದಬ್.
ಬಣ್ಣದ ಕೆಳಗ ಪುಟ್ಟಿ ಮೆತ್ಯಾರ ಯಾರೋ.

ಅಪ್ಪ ಕೈಯಾಗಿನ ವಾಯರ್ ಬಿಚ್ಚಿದ, ಸುತ್ತಿದ, ಬಿಚ್ಚಿದ.
"ನೀ ಹುಟ್ಟೂ ರಾತ್ರಿ, ಯವ್ವಾ.
ಬಾದಾಮಿ ಹಾದ್ಯಾಗ ಗಾಳಿ, ಹುಣಸಿ ಟೊಂಗಿ.
ನಾ ದವಾಖಾನಿ ಮುಟ್ಟೂದ್ರಾಗ ನೀ ಅತ್ತು ಮುಗಿಸಿ ಮಲಗಿದ್ದಿ.
ಪಂಚರ್ ಆತು ಅಂತ ಹೇಳಿದ್ನಿ ನಿಮ್ಮವ್ವಗ.
ಇವತ್ತಿಗೂ ಅದು ಪಂಚರ."

ಒಂದು ಗೇಣು ಹಿಂದ ಸರಿಸಿದೆ. ಟಕ್, ಕೂತಿತು.
ಮೀಟರಿನ ಮುಳ್ಳು ಮಲಗಿತು: ಕಳಿಸಿದ ಅಲೆ ಹೊಳ್ಳಿ ಬರವಲ್ದು.

ಸಂಜಿಗೆ ಗುಡ್ಡ ಏರಿ ಕರದೆ.
ಸರ್ ಅನ್ನೂ ಖಾಲಿ ಸಪ್ಪಳ, ಬಾಳ ಹೊತ್ತು.
ಆಮ್ಯಾಲ ಗದಗಿನ ಕಡಿಂದ ದಿಲಶಾದ ಅನ್ನಾಕಿ:
"ಐದಕ್ಕ ಒಂಬತ್ತ್ರಿ, ಮಗ್ಗಲದಾಗ ಕುಂತಂಗ ಕೇಳತೈತಿ.
ಮನ್ಯಾಗಿಂದ ಮಾತಾಡಾಕತ್ತೀರೇನು?"
"ಗಾಡ್ಯಾಗಿಂದ," ಅಂದೆ.
ಅಪ್ಪ ಮೈಕಿಗೆ ಬಾಯಿ ತಂದ. ಕೈ ಅಡ್ಡ ಹಿಡದೆ.
ಲೈಸೆನ್ಸ್ ಇಲ್ಲದಾಂವ ಮಾತಾಡಂಗಿಲ್ಲ;
ಮತ್ತ ಇದು ಬಯಲು, ಯಾರು ಬೇಕಾದ್ರೂ ಕೇಳತಾರ,
ಗುಟ್ಟಿನ ಮಾತು ಇಲ್ಲಿ ಕಾಯ್ದೆಕ್ಕ ವಿರುದ್ಧ.
ಅಂವ ಮೈಕ್ ಬಿಟ್ಟ. ಯಾಕೋ ಏನೋ, ಕಿಡಕಿ ಗಾಜೂ ಏರಿಸಿದ.

ಮನಿ ಮುಂದ ಅವ್ವ ನಿಂತಿದ್ಲು, ಕಳವಾದ ಖಣದ ಪತ್ತೆಕ್ಕ.
ಗಾಡಿಗೆ ಒಂದು ಸುತ್ತು ಹಾಕಿ, ಕಡ್ಡಿ ನೋಡಿ,
"ನಡುವ ಇಟ್ಟಿದ್ರ ಛಂದ ಕಾಣತಿತ್ತು," ಅಂದ್ಲು.
ಸ್ವಲ್ಪ ತಡದು,
"ಅಲ್ಲಿ ಹತ್ತಿರಾಕಿಲ್ಲ ಬಿಡು.
ಇಪ್ಪತ್ತಾರು ವರ್ಷ ಈ ಗಾಡಿ ತೊಳದಾಕಿ ಯಾರು?"