ಒರಿಜಿನಲ್ ಡುಪ್ಲಿಕೇಟ್

ಬಂಗಡೆಯ ಕಿವಿರು ಎತ್ತಿ ನೋಡುತ್ತಾರೆ ಎಲ್ಲರೂ.
ನೋಡಲಿ. ಕೆಂಪಗಿದ್ದರೆ ಇವತ್ತಿನದು, ಕಂದಿದ್ದರೆ ನಿನ್ನೆಯದು,
ಹೊಟ್ಟೆ ಒತ್ತಿದಾಗ ಬಿದ್ದ ಕುಳಿ ಹಾಗೇ ನಿಂತರೆ
ಮೊನ್ನೆಯದು. ಅದನ್ನು ನಾನು ಮಾರುವುದಿಲ್ಲ.
ಕಾರವಾರದ ಮಾರ್ಕೆಟ್ಟಿನಲ್ಲಿ ಹತ್ತೊಂಬತ್ತು ವರ್ಷ
ದಿನಾ ಹೀಗೆ ಪರೀಕ್ಷೆ ಕೊಟ್ಟು
ಒಂದು ರಾತ್ರಿ, ಲಿಂಬೆಸಿಪ್ಪೆಯಲ್ಲಿ ಕೈ ತಿಕ್ಕಿಕೊಂಡು,
ಪರೀಕ್ಷೆ ತೆಗೆದುಕೊಳ್ಳುವವಳಾಗಿ
ಮೊಬೈಲು ಹಿಡಿದು ಕೂತೆ.

ಮಾರುವವನು ಸೂರತ್ತಿನವನು.
ತೊಂಬತ್ತರ ಕಾಲದ ವಿಡಿಯೋ ಗೇಮ್, ಒರಿಜಿನಲ್, ಅಂತ ಹಾಕಿದ್ದ.
ಮಾಸಿದ ಬಿಳಿ ಡಬ್ಬಿ, ಕೆಂಪು ಗುಂಡಿ, ಹಳದಿ ಕ್ಯಾಸೆಟ್.
ಎರಡು ಬೆರಳಲ್ಲಿ ಚಿತ್ರ ಅಗಲ ಮಾಡಿದೆ.
ಎಷ್ಟು ತಿಕ್ಕಿದರೂ ಹೋಗದ ಒಂದು ಹುರುಪೆ
ಗಾಜಿಗೆ ಅಂಟಿಕೊಂಡಿತು.

ಒರಿಜಿನಲ್ ಅಂದರೆ ಯಾವುದಪ್ಪಾ?
ನಮ್ಮದು ಪುರ್ಸು ಮಾಮ ಭಟ್ಕಳದಿಂದ ತಂದದ್ದು.
ದುಬೈ ಮಾಲು ಅಂದಿದ್ದರಂತೆ ಅಂಗಡಿಯಲ್ಲಿ. ದುಬೈಗೆ ಎಲ್ಲಿಂದ ಬಂದಿತ್ತೋ.
ಜಪಾನಿನ ಯಾರೋ ಮಾಡಿದ್ದನ್ನು ನೋಡಿ
ಇನ್ಯಾರೋ ಮಾಡಿದ್ದು ಅಂತ
ನನಗೆ ಗೊತ್ತಾದದ್ದು ಈಗ, ನಲವತ್ತೊಂದು ತುಂಬಿದ ಮೇಲೆ.
ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟ ಅಂತ ಬರೆದಿತ್ತು,
ಒಳಗೆ ಇದ್ದದ್ದು ಏಳು.
ಎಂಟನೆಯದು ಒಂದನೆಯದೇ, ಬೇರೆ ಅಂಗಿ ತೊಟ್ಟು.
ಅದೇ ನನಗೆ ಬೇಕು.
ಅಂದರೆ ನಕಲಿಯೇ ಬೇಕು. ಆದರೆ ಅಸಲಿ ನಕಲಿ.

ನನ್ನ ಹರುಕು ಹಿಂದಿಯಲ್ಲಿ ಬರೆದೆ:
ಭೈಯಾ, ತಿರುಪು ಬಿಚ್ಚಿ ಒಳಗಿನ ಫೋಟೋ ಕಳಿಸು.
ಕಳಿಸಿದ. ಹಸಿರು ಹಲಗೆ, ನಡುವೆ ಡಾಂಬರಿನಂಥ ಕರಿ ಬೊಟ್ಟು.
ನಮ್ಮದರಲ್ಲೂ ಇತ್ತು ಅದು. ಅಣ್ಣ ರೋಹಿದಾಸ ಒಮ್ಮೆ ಬಿಚ್ಚಿ,
ಮುಚ್ಚಿದ ಮೇಲೆ ಎರಡು ತಿರುಪು ಕೈಯಲ್ಲೇ ಉಳಿದು
ಹೊಡೆತ ತಿಂದಿದ್ದ.
ಇವನ ತಿರುಪಿನ ತಲೆ ಮಾತ್ರ ಫಳಫಳ.
ನಮ್ಮ ಗಾಳಿಗೆ ಒಂದು ಮಳೆಗಾಲ ಸಾಕು ಕಬ್ಬಿಣ ಕೆಂಪಾಗಲು;
ಸೂರತ್ತಿನಲ್ಲಿ ಹಾಗಿಲ್ಲವೇನೋ
ಅಂದುಕೊಂಡು ದುಡ್ಡು ಹಾಕಿದೆ.
ಸಾವಿರದ ಎಂಟುನೂರು. ಎರಡು ಬುಟ್ಟಿ ತಾರ್ಲೆ.

ಪಾರ್ಸೆಲ್ ಬಂತು ಶುಕ್ರವಾರ, ಮಾರ್ಕೆಟ್ಟಿಗೇ.
ಪಕ್ಕದ ಶೇವಂತಿ ತನ್ನ ಕತ್ತಿ ಕೊಟ್ಟು
"ಏನೇ, ಮಿಕ್ಸರಾ?" ಅಂದಳು.
ಐಸಿನ ಪೆಟ್ಟಿಗೆಯ ಮೇಲಿಟ್ಟು ಮೂಸಿದೆ. ಇಡೀ ಮಾರ್ಕೆಟ್ಟಿನ ಮೀನು ದಾಟಿ
ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು.
ಅಂಚಿನಿಂದ ಅಂಚಿಗೆ ಒಂದೇ ಸಮ ಮಾಸಿತ್ತು ಡಬ್ಬಿ.
ವಯಸ್ಸು ಹಾಗೆ ಬರುವುದಿಲ್ಲ,
ಬಿಸಿಲು ಬಿದ್ದ ಕಡೆ, ಕೈ ಹಿಡಿದ ಕಡೆ ಮೊದಲು ಬರುತ್ತದೆ.
ಕೊನೆಗೆ ಗುಂಡಿಯ ಕೆಳಗಿನ ಇಂಗ್ಲಿಷ್ ಅಕ್ಷರ ಓದಿದೆ.
ಸ್ಟಾರ್ಟ್.
ಸರಿಯಾಗಿ ಬರೆದಿತ್ತು!

ನಮ್ಮದರಲ್ಲಿ ಇದ್ದದ್ದು ಎಸ್, ಟಿ, ಎ, ಟಿ.
ಆರ್ ಅನ್ನು ಯಾರು ನುಂಗಿದ್ದರೋ.
ಅದನ್ನೇ ನೋಡಿ ಕಲಿತು, ಏಳನೇ ಇಯತ್ತೆಯ ಪೇಪರಿನಲ್ಲಿ ಹಾಗೇ ಬರೆದು
ಬಾಂದೇಕರ ಮಾಸ್ತರರ ಕೆಂಪು ಗೆರೆ ತಿಂದವಳು ನಾನು.
ಸೂರತ್ತಿನವ ತಪ್ಪು ತಿದ್ದಿದ್ದ.
ಅಲ್ಲೇ ಸಿಕ್ಕಿಬಿದ್ದ.

ವಾಪಸು ಕಳಿಸಲು ಹೋದರೆ
ಕಾರಣ ಆರಿಸಿ, ಅಂತು ಮೊಬೈಲು.
ಒಡೆದಿದೆ. ತಡವಾಗಿ ಬಂತು. ವಸ್ತು ಅಸಲಿ ಅಲ್ಲ.
ಬೆರಳು ಮೂರನೆಯದರ ಮೇಲೆ ಹೋಗಿ ನಿಂತುಬಿಟ್ಟಿತು.
ಅಸಲಿ ಅಲ್ಲದ್ದನ್ನು ಹುಡುಕಿ ಹೋದವಳು ನಾನೇ.
ಬಂದದ್ದೂ ಅಸಲಿ ಅಲ್ಲ.
ಮತ್ತೆ ಮೋಸ ಎಲ್ಲಾಯಿತು ಅಂತ ಬರೆಯಲು
ಅಲ್ಲಿ ಜಾಗ ಇರಲಿಲ್ಲ.

ಅಷ್ಟರಲ್ಲಿ ನೇವಿ ಕಾಲೊನಿಯ ಬಾಯಿ ಬಂದು
ಇಸ್ವಣದ ಕಿವಿರು ಎತ್ತಿ, "ತಾಜಾ ಹೈ ಕ್ಯಾ?" ಅಂದಳು.
ಬೈತಖೋಲಿನ ಬೋಟು, ಬೆಳಗಿನ ಜಾವದ್ದು, ಅಂದೆ.
ನಂಬಲಿಲ್ಲ. ಹೆಬ್ಬೆರಳಲ್ಲಿ ಹೊಟ್ಟೆ ಒತ್ತಿದಳು.
ಬೇರೆ ದಿನವಾದರೆ ಏನಾದರೂ ಅಂದುಬಿಡುತ್ತಿದ್ದೆ.
ಒತ್ತು ಬಾಯಿ, ಅಂದೆ ಮನಸ್ಸಿನಲ್ಲೇ,
ಇನ್ನೂ ಸ್ವಲ್ಪ ಗಟ್ಟಿ ಒತ್ತಿ ನೋಡು.