ಸೊನ್ನೆ ಎಂದು ಬರೆದ ಜಾಡಿ

ಲೂಯಿಸ್ ದ್ವೀಪದಲ್ಲಿ ಮೂರು ದಿನದ ಬಿರುಗಾಳಿ ನಿಂತ ರಾತ್ರಿ
ಕೆರೆಯ ನೀರಿಗೆ ಹಾಲು ಬೆರೆಸದ ಡಿಕಾಕ್ಷನ್ನಿನ ಬಣ್ಣ.
ಮರ್ಡೀನಾ ಭುಜದಿಂದ ಬಾಗಿಲೊತ್ತಿ ಚಿಲಕ ಹಾಕುತ್ತಾಳೆ,
ಆರು ಗಾಜಿನ ಜಾಡಿಗಳನ್ನು ಸಾಲಾಗಿ ಇಡುತ್ತಾಳೆ.

ಕೆಸರಾಗಿದ್ದರೆ ಒಂದಿರುಳು ಬಿಟ್ಟರೆ ತಳ ಸೇರುತ್ತಿತ್ತು.
ಇದು ಜೌಗಿನ ಪಾಚಿ, ಹೀದರ್ ಬೇರು,
ಸಾವಿರಾರು ವರ್ಷ ಸತ್ತೂ ಪೂರ್ತಿ ಕೊಳೆಯಲಾರದೆ
ಮಣ್ಣಿಗೂ ನೀರಿಗೂ ನಡುವೆಲ್ಲೋ ತಂಗಿಬಿಟ್ಟದ್ದು.
ಮರಳಿನ ಸೋಸುಹಾಸಿನಲ್ಲಿ
ಕರೆಯದೆ ಉಣ್ಣಲು ಬಂದವರ ಹಾಗೆ ಸದ್ದಿಲ್ಲದೆ ನುಸುಳುತ್ತದೆ.
ಕಣಕಣದ ಮೈಮೇಲೂ ಒಂದೇ ಋಣ,
ಓರಗಿತ್ತಿಯರಂತೆ
ಹತ್ತಿರ ಬಂದಷ್ಟೂ ದೂರ.

ಪಟಿಕ ತನ್ನ ಧನ ತಂದು ಋಣ ತೀರಿಸಬೇಕು.
ಮೊದಲ ಜಾಡಿಗೆ ಸೊನ್ನೆ. ಎರಡನೆಯದಕ್ಕೆ ಇಪ್ಪತ್ತು,
ಆಮೇಲೆ ಹತ್ತು ಹತ್ತು ಏರಿಸುತ್ತ.
ಮೊದಲು ಜೋರು ಕಡೆತ,
ಆಮೇಲೆ ಕೈಸೋತ ಕಡೆಗೋಲಿನಷ್ಟು ನಿಧಾನ.

ಕಾಯಬೇಕು.

ಚಿಕ್ಕಪ್ಪ ಟಾರ್ಮದ್ ಭಾನುವಾರ ಚರ್ಚಿನ ಬಾಗಿಲಲ್ಲೇ ಹಿಡಿದಿದ್ದ:
"ನಿನ್ನ ನೀರಿಗೆ ಊರೇ ಇಲ್ಲವಲ್ಲೇ.
ನಮ್ಮಪ್ಪನ ತೊಟ್ಟಿಗೆ ಕಂದು ಗೆರೆ ಇತ್ತು,
ಯಾರೂ ಸಾಯಲಿಲ್ಲ."
ಈ ಬಣ್ಣ ಉಳಿದಿರುವಾಗಲೇ ಕ್ಲೋರಿನ್ ಬಿದ್ದರೆ
ಅವೆರಡರ ನಂಟಿನಿಂದ ಏನೇನು ಹುಟ್ಟುತ್ತದೆಂದು
ಅವಳು ಒಮ್ಮೆ ಬಿಡಿಸಿ ಹೇಳಿದ್ದಳು.
ಅವನು ಟೋಪಿ ಸರಿಮಾಡಿಕೊಂಡಿದ್ದ.

ಎರಡೂಕಾಲಿಗೆ ನಾಲ್ಕನೆಯದರಲ್ಲಿ ಏನೋ ಹೆಪ್ಪಾಯಿತು.
ಮೊದಲು ಗಾಜು ಮಂಜಾದಂತೆ,
ಆಮೇಲೆ ಹಿಂಜಿದ ಅರಳೆ, ಕಂದು ಅರಳೆ,
ಒಂದನ್ನೊಂದು ತಬ್ಬಿ ಭಾರವಾಗಿ
ಅವಸರವಿಲ್ಲದೆ ಇಳಿದವು.
ಮೇಲೆ ಉಳಿದದ್ದು ತಿಳಿ.
ಆರನೆಯದರಲ್ಲಿ ಮತ್ತೆ ಕದಡು:
ಧನ ಹೆಚ್ಚಾದರೂ ಜಗಳವೇ.

ನಲವತ್ತು ಎಂದು ಪುಸ್ತಕದಲ್ಲಿ ಬರೆದಳು.
ಪಂಪಿನ ತಿರುಪು ತಿರುಗಿಸಿದಳು.
ಬೆಳಗಾಗುವಷ್ಟರಲ್ಲಿ ಊರ ನಲ್ಲಿಗಳಲ್ಲೆಲ್ಲ
ಎಲ್ಲಿಂದ ಬಂತೆಂದು ಹೇಳದ ನೀರು.
ತೊಟ್ಟಿಯ ಅಡಿಯ ಗಷ್ಟು, ಅಷ್ಟು ಹಳೆಯ ಜೌಗು,
ಗುರುವಾರದ ಲಾರಿಗೆ.

ಐದು ಜಾಡಿ ತೊಳೆದಳು. ಸೊನ್ನೆಯದು
ಕಿಟಕಿಯಲ್ಲೇ ಉಳಿಯಿತು. ಮರೆತಳೋ, ಬಿಟ್ಟಳೋ.
ನಾಲ್ಕನೆಯ ದಿನ ಅಪರೂಪಕ್ಕೆ ಬಿಸಿಲು.
ಜಾಡಿಯೊಳಗೆ ಜೇನುಬಣ್ಣ, ಹಾಗೇ ಇದೆ;
ತಳದಲ್ಲಿ ಒಂದು ಚಿಟಿಕೆಯೂ ಇಲ್ಲ.
ಮುಚ್ಚಳ ತೆಗೆದು ಮೂಗಿಗೆ ಹಿಡಿದಳು.
ಪೀಟ್ ಕೊಚ್ಚಿದ ಹಳ್ಳ, ಅಪ್ಪನ ಒದ್ದೆ ಕೋಟು.

ಫೋನು ಹೊಡೆದುಕೊಂಡಿತು.
ಮೇಲಿನ ಓಣಿಯಲ್ಲಿ ಒತ್ತಡ ಕಮ್ಮಿಯಂತೆ.
ಜಾಡಿ ಕೈಯಲ್ಲೇ ಇತ್ತು.