ಎಣ್ಣೆ ಬರುವ ಮುಂಚೆ

ಹನ್ನೊಂದು ದಿನ. ಹನ್ನೊಂದೇ ದಿನಕ್ಕೆ
ಹಲ್ಲರ್ ಮಿಷಿನ್ನಿನ ಬುಷ್ಷು ಬೋಳಾಗಿತ್ತು.
ಹೊರಗಿಂದ ತರಿಸಿದ ಮಾಲು, ಒಳಮೈಗೆಲ್ಲ
ಕಾಡಿಗೆ ತೀಡಿದ ಹಾಗೆ ಲೇಪ,
ಬೆರಳಿಟ್ಟರೆ ನಿಲ್ಲದ ನುಣುಪು.
ಮಾರಲು ಬಂದವನು ಅದನ್ನು ಮೇಜಿನ ಮೇಲೆ ಉರುಳಿಸಿ
‘ಜೀವಮಾನ’ ಅಂದಿದ್ದ.
ಯಾರ ಜೀವಮಾನ ಅಂತ ನಾವು ಕೇಳಲಿಲ್ಲ.

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಫೆಬ್ರವರಿ ಅಂದರೆ
ಕಣದ ತುಂಬ ಕಾಫಿ, ಗೇಟಿನಾಚೆ ಲಾರಿ ಸಾಲು.
ಮಿಷಿನ್ನು ನಿಂತರೆ ಬೀಜ ಆರಿಸುವ ಹೆಂಗಸರ
ನಲವತ್ತು ಜೋಡಿ ಕೈ ಮಡಿಲಿಗೆ ಬೀಳುತ್ತವೆ.
ಆಮೇಲೆ ಎಲ್ಲ ಕಣ್ಣೂ ನಮ್ಮ ಕಡೆ.

ಖಲಂದರ್ ಮೇಸ್ತ್ರಿ ಶಾಫ್ಟು ಎಳೆದು
ಹರಕು ಬನಿಯನ್ನಿನಲ್ಲಿ ಒರೆಸಿ ಬಿಸಿಲಿಗೆ ಹಿಡಿದರು.
ಗೀರು. ಒಂದೇ ದಿಕ್ಕಿಗೆ ಬಾಚಿದ ತಲೆಯಂತೆ.
‘ಕಳ್ಳ ಯಾರು ಹೇಳು ಹುಡುಗಿ?’
ಐಟಿಐ ಮುಗಿಸಿ ಬಂದವಳು, ಪುಸ್ತಕದ್ದನ್ನೇ ಒಪ್ಪಿಸಿದೆ:
ಎಣ್ಣೆ ಸಾಲಲಿಲ್ಲ.
ಅವರು ಕೆಳಗಿನ ತಟ್ಟೆ ತೋರಿಸಿದರು.
ತುಂಬಿತ್ತು; ಹೊನ್ನಿನ ಬಣ್ಣ ಹೋಗಿ ಹೊಳೆಯುವ ಮಸಿ.
‘ಕದ್ದ ಮಾಲು ಇದರ ಹೊಟ್ಟೆಯಲ್ಲೇ ಇದೆ.’

ಆ ರಾತ್ರಿ ಹಳೇ ಲೇತಿನಲ್ಲಿ ಲೇಪದ ಚೂರು ಹಿಡಿದೆವು,
ಒಂದು ಸಲ ಬರೀ ಗಾಳಿಗೆ, ಒಂದು ಸಲ ಎಣ್ಣೆ ಬಿಟ್ಟು.
ಮೇಲೆ ಐದು ಕಿಲೋ ಬಟ್ಟು. ಎಷ್ಟು ಜಗ್ಗುತ್ತದೆ ನೋಡಲು
ಕಾಫಿ ಸ್ಯಾಂಪಲ್ ತೂಗುವ ಸ್ಪ್ರಿಂಗ್ ತಕ್ಕಡಿ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು,
ಮೇಸ್ತ್ರಿಗಂತೂ ಇದ್ದದ್ದು ಒಂದೇ ಕಣ್ಣು.

ಒಣಗಿದ್ದು ಮೊದಲು ಗೊಣಗಿತು, ಮುಳ್ಳು ಮುಕ್ಕಾಲು ಕಿಲೋಗೆ.
ಆಮೇಲೆ ಉದುರಿದ ಪುಡಿ ಎಲ್ಲಿಗೂ ಹೋಗದೆ
ಅಲ್ಲೇ ಸುತ್ತಿ, ಎದುರಿನ ಉಕ್ಕಿಗೂ ಹತ್ತಿಕೊಂಡು,
ಕಪ್ಪಿನ ಮೇಲೆ ಕಪ್ಪು ಜಾರತೊಡಗಿತು
ಬಿಚ್ಚಿದ ಕವಳಿಗೆಯಿಂದ ವೀಳ್ಯದೆಲೆ ಜಾರಿದಂತೆ.
ಮುಳ್ಳು ಮುನ್ನೂರು ಗ್ರಾಂಗೆ ಇಳಿದು ಅಲ್ಲೇ ನಿದ್ದೆ ಹೋಯಿತು.

ಎಣ್ಣೆಯದು ಒಳ್ಳೆ ಮಾತಿನವರ ಮನೆ. ಸದ್ದೇ ಇಲ್ಲ.
ಆದರೆ ಕೂದಲೆಳೆ ಬಿರುಕಿಗೆ ಇಳಿದದ್ದು
ಭಾರ ಹಾದಾಗೆಲ್ಲ ಅಡಿಯಿಂದ ಒತ್ತಿ
ಲೇಪವನ್ನು ಹಪ್ಪಳದ ಹಾಗೆ ಎಬ್ಬಿಸುತ್ತಿತ್ತು;
ಎದ್ದ ಚಕ್ಕೆ ಮರಳಿ ಮೆತ್ತಿಕೊಳ್ಳುವ ಮೊದಲೇ
ತೊಳೆದುಕೊಂಡು ಹೋಗುತ್ತಿತ್ತು.
ಸವೆತ ತಡೆಯಲು ಬಂದವರೇ ಇಬ್ಬರೂ.
‘ಎಣ್ಣೆ ಸೀಗೆಕಾಯಿ’ ಅಂದರು ಮೇಸ್ತ್ರಿ, ಬೀಡಿ ಹುಡುಕುತ್ತ.

ಹಾಗಾದರೆ ಲೇಪ ಯಾಕೆ ಸಾಬ್, ಸಾದಾ ಬುಷ್ಷೇ ಸಾಕಲ್ಲ?
ಉತ್ತರ ಬರಲಿಲ್ಲ.
ಎಡಕ್ಕೆ ಸಾದಾ ಕೂರಿಸಿದರು, ಬಲಕ್ಕೆ
ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಕಪ್ಪು.
ಎರಡು ದಿನ ಓಡಿಸಿ, ಮೂರನೆಯ ಬೆಳಿಗ್ಗೆ ಆರೂವರೆಗೆ
ಸ್ವಿಚ್ಚಿನ ಮೇಲೆ ನನ್ನ ಕೈ ಇಡಿಸಿ, ಕಿವಿ ಕೊಡು ಅಂದರು.

ರಾತ್ರಿಯೆಲ್ಲ ಎಣ್ಣೆ ತಳಕ್ಕೆ ಇಳಿದು ಮಲಗಿದೆ,
ಚಳಿಗೆ ಜೇನಿನ ಹಾಗೆ ಮಂದ.
ಎಡಗಡೆ ಕಿರ್ರೆಂದಿತು. ಒಂದು, ಎರಡು, ಮೂರು ಸುತ್ತು,
ಉಕ್ಕಿಗೆ ಹಿತ್ತಾಳೆ, ನಡುವೆ ಯಾರೂ ಇಲ್ಲ.
ಬಲಗಡೆ ಸುಮ್ಮನೆ ತಿರುಗಿತು.
ನಾಲ್ಕನೆಯ ಸುತ್ತಿಗೆ ಎಣ್ಣೆ ಬಂತು,
ಬೆಂಕಿ ಆರಿಸಿದ್ದು ತಾನೇ ಅನ್ನುವ ಗತ್ತಿನಲ್ಲಿ,
ಬಂದಿದ್ದೇ ಮಸಿ ತೊಳೆಯಲು ಶುರು.

ರಿಜಿಸ್ಟರಿನಲ್ಲಿ ಬರೆದೆ: ಬಲಗಡೆ, ಲೇಪದ ಬುಷ್ಷು, ಒಂದು.
ಬಾಳಿಕೆ ಅನ್ನುವ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.
‘ದಿನ ಬರೀಬೇಡ, ಬೆಳಗು ಬರಿ.
ಬೆಳಗಿಗೆ ಮೂರು ಸುತ್ತು.’
ಹಾಗೆ ಬರೆದರೆ ಆಡಿಟ್‌ನವರು ಒಪ್ಪುವುದಿಲ್ಲ.
ಖಾಲಿ ಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಕೂತಾಗ
ಬೀಜ ಆರಿಸುವ ಸಿಸಿಲಿಯಕ್ಕ ನನ್ನ ಉಗುರು ಹಿಡಿದು ನೋಡಿದಳು.
‘ಕಾಡಿಗೆ ಕಣ್ಣಿಗಲ್ಲೇನೇ ಹಚ್ಚೋದು?’
ಕೊಬ್ಬರಿ ಎಣ್ಣೆ ತಿಕ್ಕು, ಹೋಗತ್ತೆ ಅಂದಳು.
ಗೊತ್ತು ಅಂದೆ.